ಅಸಲು ಎಡಗಡೆ, ನಕಲು ಬಲಗಡೆ

ನಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆ ಬಿರಿಯುವಷ್ಟು ತುಂಬಿದೆ ಎಂದೂ, ತುಂಬಿಸಿದವನು ನಾನೇ ಎಂದೂ, ಆದ್ದರಿಂದ ಖಾಲಿ ಮಾಡಬೇಕಾದವನೂ ನಾನೇ ಎಂದೂ ನನ್ನ ಹೆಂಡತಿ ಭಾನುವಾರ ಮಧ್ಯಾಹ್ನ ಊಟ ಬಡಿಸುತ್ತಲೇ ತೀರ್ಪು ಕೊಟ್ಟಳು. ತಟ್ಟೆಯ ಮುಂದೆ ಕೂತ ಗಂಡಸಿಗೆ ಮೇಲ್ಮನವಿ ಸಲ್ಲಿಸುವ ಹಕ್ಕಿಲ್ಲ. (ಎರಡನೇ ಸಲ ಬಡಿಸಿಕೊಳ್ಳುವುದು ಬಾಕಿಯಿದ್ದರಂತೂ ಬಾಯಿ ಇರುವುದು ತಿನ್ನುವುದಕ್ಕೆ ಮಾತ್ರ.)

ಸಂಗತಿ ಇಷ್ಟು. ನನ್ನ ಹೆಂಡತಿ ಹೊಲಿಗೆ ಕಲಿಸುತ್ತಾಳೆ. ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಹಾಕಿಕೊಂಡು ಬೀದಿಯ ಹೆಂಗಸರಿಗೆ ಕಲಿಸುತ್ತಿದ್ದವಳು, ಈಗ ಕಂಪ್ಯೂಟರಿನ ಮುಂದೆ ಕೂತು ಕಂಡು ಕೇಳರಿಯದ ಊರುಗಳ ಹೆಂಗಸರಿಗೂ ಕಲಿಸುವ ಮಟ್ಟಕ್ಕೆ ಬೆಳೆದಿದ್ದಾಳೆ. ಪಾಠ ನೇರವಾಗಿ ನಡೆಯುತ್ತದೆ, ಜೊತೆಜೊತೆಗೆ ಕಂಪ್ಯೂಟರಿನಲ್ಲಿ ದಾಖಲೂ ಆಗುತ್ತದೆ. ಸೋಮವಾರ ಬೆಳಗ್ಗೆ ಹೊಸ ತಂಡಕ್ಕೆ ಮೊದಲ ಪಾಠ. ಮೊದಲ ಪಾಠವೇ ಅರ್ಧಕ್ಕೆ ನಿಂತರೆ ಹೊಸಬರು ಒಬ್ಬರೂ ಉಳಿಯುವುದಿಲ್ಲ ಎಂಬುದು ಅವಳ ಆತಂಕ. ಕಂಪ್ಯೂಟರು ನೋಡಿದರೆ ಜಾಗವಿಲ್ಲ ಎಂದು ಕೈಯೆತ್ತಿ ಕೂತಿದೆ. ಅಷ್ಟು ಜಾಗವನ್ನು ನುಂಗಿದವರು ಯಾರು ಎಂದು ಕಾಲೇಜಿಗೆ ಹೋಗುವ ನಮ್ಮ ಮಗಳು ಹುಡುಕಿದಾಗ ಸಿಕ್ಕಿಬಿದ್ದದ್ದು ನನ್ನ ಪದಕದ ವಿಡಿಯೋ.

ಆ ವಿಡಿಯೋ ಎಂಥದ್ದು ಎಂದು ನಿಮಗೆ ಹೇಳಿಬಿಡಬೇಕು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ, ಸರ್ಕಾರದ ಅಸಲು ಕಲ್ಲನ್ನು ತಕ್ಕಡಿಯ ಎಡತಟ್ಟೆಯಲ್ಲೂ ಅಂಗಡಿಯವನ ಕಲ್ಲನ್ನು ಬಲತಟ್ಟೆಯಲ್ಲೂ ಇಟ್ಟು ತಾಳೆ ನೋಡುವುದು ನನ್ನ ಕಸುಬು. (ಕಲ್ಲು ಎಂದರೆ ಕಬ್ಬಿಣದ್ದೇ, ಹೆಸರು ಮಾತ್ರ ಹಳೇ ಕಾಲದ್ದು.) ಸರಿಯಿದ್ದರೆ ಮುದ್ರೆ, ಇಲ್ಲದಿದ್ದರೆ ಜಪ್ತಿ. ಜಪ್ತಿಯಾದ ಸುಳ್ಳು ಕಲ್ಲು ಮತ್ತೆ ಪೇಟೆಗೆ ನುಸುಳದಂತೆ ನಾನೇ ಮುಂದೆ ನಿಂತು ನಾಶ ಮಾಡಿಸುತ್ತೇನೆ. ಈ ಕೆಲಸದಲ್ಲೇ ಕೂದಲು ನೆರೆಸಿಕೊಂಡ ನನಗೆ ಇಲಾಖೆ ಹೋದ ವರ್ಷ ‘ಸೂಕ್ಷ್ಮದೃಷ್ಟಿ ಪದಕ’ ಕೊಟ್ಟಿತು. ಪದಕ ಕೊರಳಿಗೆ ಹಾಕಿಸಿಕೊಂಡು ನಾನು ಮಾಡಿದ ಭಾಷಣವನ್ನು ನನ್ನ ಭಾಮೈದ ತನ್ನ ದುಬಾರಿ ಕ್ಯಾಮೆರಾದಲ್ಲಿ ಹಿಡಿದುಕೊಟ್ಟ. ನಾನು ಮಾತಾಡುತ್ತಿರುವಾಗ ಯಾರೂ ಅಡ್ಡ ಬಾಯಿ ಹಾಕದೆ ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ಅಂದು ನನ್ನ ಹೆಂಡತಿಯೂ ಸಭೆಯಲ್ಲಿ ಸುಮ್ಮನೆ ಕೂತಿದ್ದಳು ಎಂಬುದಕ್ಕೆ ಜಗತ್ತಿನಲ್ಲಿ ಬೇರೆ ಪುರಾವೆ ಇಲ್ಲ.

(ಆ ಭಾಮೈದ ಈಗ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವನದು ದಿನಸಿ ಅಂಗಡಿ. ಪದಕ ಬಂದ ಹುರುಪಿನಲ್ಲಿ ಮರುವಾರವೇ ಹೋಗಿ ಅವನ ತಕ್ಕಡಿಯನ್ನು ಜಪ್ತಿ ಮಾಡಿದೆ. ಕರ್ತವ್ಯದ ಮುಂದೆ ನೆಂಟಸ್ತಿಕೆ ಇಲ್ಲ ಎಂದು ಅಂಗಡಿಯ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಹೇಳಿಯೂ ಬಂದೆ. ಈಗ ನೆಂಟಸ್ತಿಕೆಯೇ ಇಲ್ಲ.)

ಇಂಥ ವಿಡಿಯೋವನ್ನು ಅಳಿಸುವುದೆಂದರೆ ನನ್ನನ್ನೇ ಅಳಿಸಿದಂತೆ ಎಂದೆ. ಅಳಿಸುವುದು ಬೇಡ, ಕುಗ್ಗಿಸೋಣ ಎಂದಳು ಮಗಳು. ಕುಗ್ಗಿಸುವುದು ಎಂದರೇನು ಎಂದು ಕೇಳಿದ್ದಕ್ಕೆ, ಮನುಷ್ಯನ ಕಣ್ಣು ಗಮನಿಸದೇ ಹೋಗುವ ಸಣ್ಣಪುಟ್ಟದ್ದನ್ನೆಲ್ಲ ತಂತ್ರಾಂಶವೇ ಹುಡುಕಿ ಬಿಸಾಡುತ್ತದೆ, ಆಗ ಕಡತ ಬೊಗಸೆಯಷ್ಟಾಗುತ್ತದೆ, ನೋಡುವುದಕ್ಕೆ ಮಾತ್ರ ಹಾಗೇ ಇರುತ್ತದೆ ಎಂದು ವಿವರಿಸಿದಳು. ನನಗೆ ಸಿಟ್ಟು ಬಂತು. ನನ್ನ ಕಣ್ಣು ಏನನ್ನು ಗಮನಿಸುವುದಿಲ್ಲ ಎಂದು ನಿರ್ಧರಿಸುವುದಕ್ಕೆ ಅದ್ಯಾವ ತಂತ್ರಾಂಶ? ಸರ್ಕಾರವೇ ಮೆಚ್ಚಿ ಪದಕ ಕೊಟ್ಟ ಕಣ್ಣು ಇದು.

“ಎದುರಿಗಿರೋ ಉಪ್ಪಿನ ಡಬ್ಬಿ ಕಾಣಲ್ಲ ನಿಮ್ಮ ಕಣ್ಣಿಗೆ,” ಎಂದಳು ನನ್ನ ಹೆಂಡತಿ.

ಉಪ್ಪಿನ ಡಬ್ಬಿ ನನ್ನ ಇಲಾಖೆಗೆ ಸೇರಿದ್ದಲ್ಲ. ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಮಗಳು ಕುಗ್ಗಿಸಿ ಕೊಡಬೇಕು. ನಾನು ಅಸಲನ್ನೂ ಕುಗ್ಗಿಸಿದ್ದನ್ನೂ ಇಲಾಖೆಯ ಕ್ರಮದಲ್ಲಿ ತಾಳೆ ನೋಡಬೇಕು. ತಾಳೆಯಾದರೆ ಅಸಲನ್ನು ಅಳಿಸಲು ನನ್ನ ಅಭ್ಯಂತರವಿಲ್ಲ. ತಾಳೆಯಾಗದಿದ್ದರೆ ಕುಗ್ಗಿಸಿದ ಮಾಲು ಜಪ್ತಿ. ಜಾಗದ ಚಿಂತೆಯನ್ನು ಆಮೇಲೆ ಮಾಡುವುದು. ತಾಳೆ ನೋಡುವುದಕ್ಕೂ ಒಂದು ತಂತ್ರಾಂಶ ಇದೆಯೆಂದು ಮಗಳು ಅದನ್ನೂ ತಂದು ಕೂರಿಸಿದಳು.

ಅದನ್ನು ನೋಡಿ ನಾನು ಮರುಳಾದೆ ಎಂದು ಒಪ್ಪಿಕೊಳ್ಳುತ್ತೇನೆ. ಪರದೆಯ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ. ಗೆರೆಯ ಎಡಕ್ಕೆ ಒಂದು ವಿಡಿಯೋ, ಬಲಕ್ಕೆ ಇನ್ನೊಂದು. ಎರಡೂ ಒಟ್ಟಿಗೇ ಓಡುತ್ತವೆ. ಗೆರೆಯನ್ನು ಅತ್ತ ಎಳೆದರೆ ಇದು ಪೂರ್ತಿ, ಇತ್ತ ಎಳೆದರೆ ಅದು ಪೂರ್ತಿ. ಬೇಕಾದ ಕಡೆ ನಿಲ್ಲಿಸಬಹುದು, ಹಿಗ್ಗಿಸಬಹುದು. ಕೊನೆಗೆ ಎರಡೂ ಎಷ್ಟು ತಾಳೆಯಾಗುತ್ತವೆಂದು ನೂರಕ್ಕೆ ಇಷ್ಟು ಅಂತ ಅಂಕವನ್ನೂ ಕೊಡುತ್ತದೆ. ವಿಡಿಯೋಗಳಿಗೂ ಇಂಥ ಸೊಗಸಾದ ತಕ್ಕಡಿ ಇದೆಯೆಂದು ಗೊತ್ತಿದ್ದರೆ ನಾನು ಈ ಇಲಾಖೆಯನ್ನೇ ಬಿಟ್ಟು ಆ ಇಲಾಖೆಗೆ ಸೇರುತ್ತಿದ್ದೆ.

ಕುಗ್ಗಿಸುವುದು ಮುಗಿಯುವ ಹೊತ್ತಿಗೆ ಮಗಳಿಗೆ ಗೆಳತಿಯ ಫೋನು ಬಂತು. ಎರಡು ಕಡತಗಳನ್ನು ಎರಡು ಚೌಕಗಳೊಳಗೆ ಎಳೆದು ಹಾಕಿದರಾಯಿತು ಎಂದು ಅಮ್ಮನಿಗೆ ತೋರಿಸಿಕೊಟ್ಟು ಮಹಡಿ ಹತ್ತಿದಳು. ನಾನು ಕನ್ನಡಕವನ್ನೂ ಭೂತಗನ್ನಡಿಯನ್ನೂ ತರಲು ಹೋದೆ. ವಾಪಸು ಬರುವಷ್ಟರಲ್ಲಿ ನನ್ನ ಹೆಂಡತಿ ಕಡತಗಳನ್ನು ಹಾಕಿ ಮುಗಿಸಿದ್ದಳು. ಅಷ್ಟರಲ್ಲಿ ಯಾರೋ ಅಳತೆ ಕೊಡಲು ಬಂದರೆಂದು ಟೇಪು, ಗುಂಡುಸೂಜಿ ಹಿಡಿದು ಮುಂದಿನ ಕೋಣೆಗೆ ನಡೆದಳು. ಪರದೆಯ ಕೆಳಗಡೆ ಕಡತದ ಹೆಸರು ಗಿಸರು ಏನೋ ಕಾಣುತ್ತಿತ್ತು. ಪರೀಕ್ಷೆಗೆ ಅಡ್ಡ ಎಂದು ಚಿತ್ರವನ್ನು ಪರದೆಯ ತುಂಬ ಹರಡಿದೆ.

ಸಾಕ್ಷಿಗೆ ಉಳಿದವರು ನಮ್ಮತ್ತೆ ಒಬ್ಬರೇ. ಹೋದ ತಿಂಗಳು ಅವರಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಅಂದಿನಿಂದ ಅವರು ಮನೆಯ ಮೂಲೆಮೂಲೆಯ ಧೂಳನ್ನು ಕುರ್ಚಿಯಲ್ಲಿ ಕೂತೇ ಪತ್ತೆ ಹಚ್ಚುತ್ತಾರೆ.

ವಿಡಿಯೋ ಓಡಿತು. ವೇದಿಕೆಯ ಮೇಲೆ ನಾನು ಬಾಯಿ ತೆರೆದ ಕ್ಷಣ ನೋಡಿ ನಿಲ್ಲಿಸಿದೆ, ಹಿಗ್ಗಿಸಿದೆ. ಗೆರೆ ಸರಿಯಾಗಿ ನನ್ನ ಮೂಗಿನ ಮೇಲೆ ಹಾದುಹೋಗುತ್ತಿತ್ತು. ಎಡಗಡೆಯ ಅರ್ಧ ಮುಖ ನುಣ್ಣಗೆ, ತಿಳಿಯಾಗಿ, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗನ ಹಾಗಿತ್ತು. ಬಲಗಡೆಯ ಅರ್ಧದಲ್ಲಿ ಕಣ್ಣಿನ ಸುತ್ತ ಸುಕ್ಕು, ಹಣೆಯಲ್ಲಿ ನೆರಿಗೆ, ಕಿವಿಯ ಮೇಲೆ ಬಿಳಿಕೂದಲು, ಕೆನ್ನೆಯ ಮೇಲೆ ಯಾವುದೋ ಕಾಲದ ಮೊಡವೆಯ ಗುಳಿ. ಭೂತಗನ್ನಡಿಯ ಅಗತ್ಯವೇ ಬೀಳಲಿಲ್ಲ. ಕುಗ್ಗಿಸಿದ್ದರ ಪರಿಣಾಮ ಅಂಗೈ ಹುಣ್ಣಿನಷ್ಟು ಸ್ಪಷ್ಟವಾಗಿತ್ತು.

ನೋಡಿ ಅತ್ತೆ, ಬಲಗಡೆ ಹೇಗೆ ಕುಲಗೆಡಿಸಿದ್ದಾರೆ ಎಂದೆ.

ಅತ್ತೆ ಮುಂದಕ್ಕೆ ಬಾಗಿ ಎರಡೂ ಕಡೆ ನೋಡಿದರು. ನನ್ನ ಮುಖವನ್ನೂ ಒಮ್ಮೆ ನೋಡಿದರು. “ಆಪರೇಷನ್ನಿಗೆ ಮುಂಚೆ ನೀವು ನನಗೆ ಎಡಗಡೆ ಇರೋ ಥರ ಕಾಣ್ತಿದ್ರಿ ಅಳಿಯಂದಿರೇ,” ಎಂದರು. “ಆಪರೇಷನ್ ಆದ್ಮೇಲೆ ಬಲಗಡೆ ಇರೋ ಥರ ಕಾಣ್ತೀರಿ.”

ವಯಸ್ಸಾದವರು, ಔಷಧಿ ಬಿಟ್ಟುಕೊಳ್ಳುತ್ತಿರುವ ಕಣ್ಣು. ಆ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬದಲಿಗೆ ಅವರಿಗೆ ಶಾಸ್ತ್ರವನ್ನು ತಿಳಿಸಿಹೇಳಿದೆ. ಒಗೆದ ಬಟ್ಟೆಯನ್ನು ಹಿಂಡಿದರೆ ಏನಾಗುತ್ತದೆ? ಸುಕ್ಕಾಗುತ್ತದೆ. ಹಾಗೆಯೇ ದೊಡ್ಡ ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡಿದಾಗ ಅದರೊಳಗಿರುವ ಮುಖವೂ ಸುಕ್ಕಾಗುತ್ತದೆ. ನೆರೆತ ಕೂದಲು ಎಂದು ನಾವು ತಿಳಿದದ್ದು ಬಣ್ಣ ಹಿಂಡಿಹೋದದ್ದರ ಗುರುತು. ಅತ್ತೆ ತಲೆಯಾಡಿಸಿದರು. ವಿಜ್ಞಾನ ಇಷ್ಟು ಸುಲಭವಾಗಿ ಅರ್ಥವಾಗುವಂತೆ ಹೇಳುವವರು ಕಡಿಮೆ ಎಂದು ನನಗೇ ಅನ್ನಿಸಿತು.

ಅಷ್ಟರಲ್ಲಿ ತಂತ್ರಾಂಶ ಅಂಕ ಕೊಟ್ಟಿತು. ನೂರಕ್ಕೆ ತೊಂಬತ್ತಾರು.

ಬೇರೆ ಯಾರಾದರೂ ಆಗಿದ್ದರೆ ತೊಂಬತ್ತಾರು ಕಂಡು ಕುಣಿಯುತ್ತಿದ್ದರು. ನಮ್ಮ ಇಲಾಖೆಯಲ್ಲಿ ಅದಕ್ಕೆ ನೂರಕ್ಕೆ ನಾಲ್ಕು ಕಳ್ಳತೂಕ ಎನ್ನುತ್ತಾರೆ. ನನ್ನೊಳಗಿನ ಇನ್‌ಸ್ಪೆಕ್ಟರ್ ಎದ್ದು ನಿಂತ. ಮುಂದಿನ ಕೋಣೆಯ ಕಡೆ ತಿರುಗಿ, ಬಲಗಡೆಯದು ಉಪಯೋಗವಿಲ್ಲ, ಅಳಿಸಿಬಿಡುತ್ತಿದ್ದೇನೆ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಗಟ್ಟಿಯಾಗಿ ಕೇಳಿದೆ. ಕಾನೂನಿನ ಪ್ರಕಾರ ಎದುರು ಪಕ್ಷಕ್ಕೆ ಒಂದು ಅವಕಾಶ ಕೊಡಬೇಕು. ಅತ್ತಲಿಂದ ಒಂದು ಮಾತೂ ಬರಲಿಲ್ಲ. (ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದಳೆಂದು ಆಮೇಲೆ ತಿಳಿಯಿತು.) ಮೌನಂ ಸಮ್ಮತಿ ಲಕ್ಷಣಂ. ಮದುವೆಯಾದಾಗಿನಿಂದ ಒಮ್ಮೆಯೂ ಆಕ್ಷೇಪಣೆ ಇಲ್ಲದೆ ನನ್ನ ಕೆಲಸ ಸಾಗಿದ್ದಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಲಗಡೆಯ ಕಡತವನ್ನು ಅಳಿಸಿದೆ. ಕಸದಬುಟ್ಟಿಯಿಂದ ಎದ್ದು ಬರದ ಹಾಗೆ ಕಸದಬುಟ್ಟಿಯನ್ನೂ ಖಾಲಿ ಮಾಡಿದೆ. ಸುಳ್ಳು ಕಲ್ಲನ್ನು ಪುಡಿ ಮಾಡಿಸಿದಾಗ ಆಗುವ ತೃಪ್ತಿಯೇ ಆಯಿತು.

ಬಂದವರನ್ನು ಕಳಿಸಿಕೊಟ್ಟು ನನ್ನ ಹೆಂಡತಿ ಒಳಗೆ ಬಂದಳು. ಕಂಪ್ಯೂಟರಿನಲ್ಲಿ ಜಾಗ ಎಷ್ಟಿದೆ ಎಂದು ತೋರಿಸುವ ಪಟ್ಟಿ ಬೆಳಗ್ಗೆಯಿಂದ ಕೆಂಪಗಿದ್ದದ್ದು ಈಗ ತಣ್ಣಗೆ ನೀಲಿಯಾಗಿ, ಅರ್ಧಕ್ಕರ್ಧ ಖಾಲಿ ಎಂದು ತೋರಿಸುತ್ತಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣು ಒದ್ದೆಯಾಯಿತು.

“ಅಷ್ಟೊಂದು ಪ್ರೀತಿಯಿಂದ ಇಟ್ಟುಕೊಂಡಿದ್ದ ಅಸಲನ್ನೇ ನನ್ನ ಪಾಠಕ್ಕೋಸ್ಕರ ಬಿಟ್ಟುಕೊಟ್ರಲ್ಲ ರೀ,” ಎಂದಳು. “ನಾನು ನಿಮ್ಮನ್ನ ಏನೋ ಅಂದುಕೊಂಡಿದ್ದೆ.”

ಅಸಲು ಎಡಗಡೆಯದಲ್ಲವೇ ಎಂದು ಕೇಳಿದೆ.

“ಅಸಲು ಎಲ್ಲಾದರೂ ಎಡಗಡೆ ಇಡ್ತಾರಾ? ಅಳತೆಗೆ ಅಂತ ಕೊಟ್ಟ ಬಟ್ಟೆ ಯಾವತ್ತೂ ಬಲಗಡೆ. ಎಡಗಡೆ ಹೊಲಿಯೋ ಬಟ್ಟೆ.”

“ಅಸಲು ಯಾವತ್ತೂ ಎಡತಟ್ಟೆಯಲ್ಲಿ ಕಣೇ. ಲೋಕಕ್ಕೆಲ್ಲ ಗೊತ್ತು.”

“ನಿಮ್ಮ ಲೋಕಕ್ಕೆ ಗೊತ್ತಿರಬಹುದು. ನನ್ನ ಮಿಷನ್ನಿನ ಬಲಗಡೆ ಮಾತ್ರ ಅಳತೆ ಬಟ್ಟೆ ಇಡೋಕೆ ಜಾಗ ಇರೋದು.”

ಇಷ್ಟು ವರ್ಷ ಒಂದೇ ಸೂರಿನಡಿ ಸಂಸಾರ ಮಾಡಿದ್ದೇವೆ. ಒಬ್ಬರ ಅಸಲು ಇನ್ನೊಬ್ಬರ ನಕಲಿನ ಜಾಗದಲ್ಲಿ ಕೂರುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಸುಳ್ಳು ಕಲ್ಲನ್ನು ಒಡೆಯಲು ಹೋಗಿ ಸರ್ಕಾರಿ ಮುದ್ರೆಯ ಕಲ್ಲನ್ನೇ ನನ್ನ ಕಾಲಿನ ಮೇಲೆ ಹಾಕಿಕೊಂಡಿದ್ದೆ. ಅದೂ ಸೂಕ್ಷ್ಮದೃಷ್ಟಿಗೆ ಪದಕ ಪಡೆದ ವಿಡಿಯೋದ ವಿಷಯದಲ್ಲಿ. ನಿಜ ಹೇಳುತ್ತೇನೆ, ಅಳು ಬಂತು. ಮಹಡಿಯಿಂದ ಇಳಿದುಬಂದ ಮಗಳು ವಿಷಯ ಕೇಳಿ ಮೊದಲು ನಕ್ಕಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು, ಅಜ್ಜಿ ಸುಕ್ಕಿನ ಶಾಸ್ತ್ರವನ್ನು ಒಪ್ಪಿಸಿದ ಮೇಲೆ ಮತ್ತೆ ನಕ್ಕಳು. ಕುಗ್ಗಿಸಿದರೆ ಸುಕ್ಕು ಬರುವುದಿಲ್ಲ ಅಪ್ಪ, ಇರುವ ಸುಕ್ಕು ಹೋಗುತ್ತದೆ, ಮೊದಲು ಬಿಸಾಡುವುದೇ ಅಂಥ ಸಣ್ಣ ಗೆರೆಗಳನ್ನು ಎಂದಳು. ಅಂದರೆ ನಾನು ಅಸಲೆಂದು ಎದೆಗವಚಿಕೊಂಡದ್ದು ಇಸ್ತ್ರಿ ಮಾಡಿದ ನನ್ನನ್ನು.

ಇನ್ನು ಉಳಿದದ್ದು ಒಂದೇ ದಾರಿ. ಅದು ಭಾಮೈದನ ಅಂಗಡಿಯ ಬಾಗಿಲಿಗೆ ಹೋಗುತ್ತಿತ್ತು.

ಫೋನು ಮಾಡಿದೆ. ಕುಶಲ ವಿಚಾರಿಸಿದೆ, ವ್ಯಾಪಾರ ವಿಚಾರಿಸಿದೆ, ಎಂದೂ ವಿಚಾರಿಸದ ಅವನ ಮಂಡಿನೋವನ್ನೂ ವಿಚಾರಿಸಿದೆ. ಕಡೆಗೆ ವಿಷಯಕ್ಕೆ ಬಂದೆ. ಅವನು ಪೂರ್ತಿ ಕೇಳಿದ. ಅರ್ಥವಾಗಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದ. ಅಸಲನ್ನು ಅಳಿಸಿದ್ದು ಯಾರು ಎಂಬಲ್ಲಿ ಮಾತ್ರ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು ಮೂರನೇ ಸಲವೂ ಹೇಳಿಸಿದ. ಹಿಂದುಗಡೆ ಗಿರಾಕಿಗಳು ನಗುವುದು ನನಗೆ ಚೆನ್ನಾಗಿ ಕೇಳಿಸಿತು.

ಅವನ ಹತ್ತಿರ ಅಸಲು ಇತ್ತು. ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಅವನೇ ತಂದುಕೊಟ್ಟ. ರಿಪೇರಿ ಮಾಡಿಸಿದ ತಕ್ಕಡಿಗೆ ಮುದ್ರೆ ಹಾಕದೆ ನಾನು ಅವನನ್ನು ಅಲೆಸುತ್ತಿದ್ದೆ. ಅದಕ್ಕೆ ಮುದ್ರೆ ಹಾಕುತ್ತೇನೆಂದು ಅಕ್ಕನ ಎದುರಿಗೆ ನನ್ನಿಂದ ಮಾತು ತೆಗೆದುಕೊಂಡ ಮೇಲೆ ಜೇಬಿನಿಂದ ಸಣ್ಣ ಡಿಸ್ಕ್ ಹೊರಬಂತು. ವಿಡಿಯೋ ಅದರಲ್ಲೇ ಇರಲಿ, ಕಂಪ್ಯೂಟರಿಗೆ ಮತ್ತೆ ತುರುಕಬೇಡಿ ಎಂದ.

“ತಾಳೆ ನೋಡಿಯೇ ತಗೊಳ್ಳಿ ಭಾವ,” ಎಂದು ಕುರ್ಚಿ ಎಳೆದುಕೊಂಡು ಕೂತ. “ಆಮೇಲೆ ನನ್ನ ಮಾಲು ತೂಕಕ್ಕೆ ಕಡಿಮೆ ಬಂತು ಅನ್ನಬಾರದು.”

ತಪ್ಪಿಸಿಕೊಳ್ಳುವಂತಿರಲಿಲ್ಲ. ಎರಡನೇ ಪರೀಕ್ಷೆ ಮನೆಮಂದಿಯೆಲ್ಲರ ಸಮ್ಮುಖದಲ್ಲಿ ಜರುಗಿತು. ಈ ಸಲ ಅಸಲು ಎಲ್ಲಿರಬೇಕೆಂಬ ವ್ಯಾಜ್ಯ ಬೇಡವೆಂದು ಮಗಳು ಎರಡು ಚೀಟಿ ಬರೆದು ಪರದೆಯ ಮೇಲ್ಗಡೆ ಅಂಟಿಸಿದಳು. ಎಡಗಡೆ ಅಸಲು, ಬಲಗಡೆ ನಕಲು. ಅಲ್ಲಿಗೆ ನನ್ನ ಇಲಾಖೆಗೆ ಜಯವಾದಂತಾಯಿತು. ಆದರೆ ಆ ಜಯದಿಂದ ಸುಕ್ಕುಗಳೆಲ್ಲ ಎಡಗಡೆಗೆ ಬಂದು ಅಸಲೆಂಬ ಮುದ್ರೆ ಒತ್ತಿಸಿಕೊಂಡು ಕೂತವು. ಭಾಮೈದ ಗೆರೆಯನ್ನು ನನ್ನ ಮುಖದ ಮೇಲೆ ಅತ್ತಿಂದಿತ್ತ ಎಳೆದಾಡಿದ. ನಾನು ಮುದುಕನಾದೆ, ಹುಡುಗನಾದೆ, ಮತ್ತೆ ಮುದುಕನಾದೆ. ಅತ್ತೆಗೆ ಇದು ಬಹಳ ಇಷ್ಟವಾಗಿ, ಇನ್ನೊಂದು ಸಲ ಎಳಿ ಎಂದು ಮಗನಿಗೆ ಹೇಳಿದರು.

ನನಗೂ ಮನಸ್ಸಿನೊಳಗೆ ಒಂದು ಆಸೆ ಮೊಳೆಯಿತು. ಸಣ್ಣ ಕಡತವೇ ಸಾಕು, ಜಾಗವೂ ಉಳಿಯುತ್ತದೆ, ಆ ಡಿಸ್ಕನ್ನು ಭಾಮೈದ ವಾಪಸು ಒಯ್ಯಲಿ ಎಂದೆ. ಆ ಹುಡುಗನನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ನನ್ನ ಹೆಂಡತಿ ತಮ್ಮನ ಕೈಯಿಂದ ಮೌಸ್ ತೆಗೆದುಕೊಂಡಳು. ವಿಡಿಯೋವನ್ನು ನಿಲ್ಲಿಸಿ, ಹಿಗ್ಗಿಸಿ, ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು. ಗೆರೆಯನ್ನು ಪೂರ್ತಿ ಬಲಕ್ಕೆ ಸರಿಸಿದಳು. ಪರದೆಯ ತುಂಬ ಅಸಲೇ ಉಳಿಯಿತು. ಅವಳ ಮುಖದಲ್ಲಿ ನಾನು ಮದುವೆಯ ಹೊಸತರಲ್ಲಿ ಮಾತ್ರ ಕಂಡಿದ್ದ ಒಂದು ಬೆಳಕಿತ್ತು.

“ಇದನ್ನ ಯಾರೂ ಮುಟ್ಟಬೇಡಿ,” ಎಂದಳು ಮೆಲ್ಲಗೆ. “ಆ ಇನ್ನೊಂದರಲ್ಲಿ ಎಲ್ಲ ಸವರಿಹಾಕಿದ ಹಾಗಿದೆ. ಒಂದು ಗೆರೆ ಕಾಣಲ್ಲ. ಇದರಲ್ಲಿ ಪಟ್ಟ ಕಷ್ಟ ಎಲ್ಲ ಕಾಣತ್ತೆ. ನನಗೆ ಇದೇ ಬೇಕು. ನಾಳೆ ಪಾಠ ಶುರು ಮಾಡೋದೂ ಇದರಿಂದಲೇ.”

ಸುಕ್ಕನ್ನು ಕಂಡು ನಾಚಿದವನು ನಾನು. ಆ ಸುಕ್ಕಿನ ಒಂದೊಂದು ಗೆರೆಯಲ್ಲೂ ನಾನು ಪಟ್ಟ ಕಷ್ಟವನ್ನು ಓದಿದವಳು ಅವಳು. ಬಿಸಿಲಲ್ಲಿ ಸಂತೆಸಂತೆ ಸುತ್ತಿದ್ದು, ತಕ್ಕಡಿಯ ಮುಳ್ಳು ನೋಡಿ ನೋಡಿ ಕಣ್ಣು ಬಾಡಿದ್ದು, ಅಂಗಡಿಯವರ ಬೈಗುಳ ತಿಂದದ್ದು, ಎಲ್ಲವೂ ಅವಳಿಗೆ ಕಾಣಿಸಿತ್ತು. ಹೊಸ ತಂಡದ ಎದುರಿಗೆ ಗಂಡನನ್ನು ಪರಿಚಯಿಸಿಯೇ ಪಾಠ ಆರಂಭಿಸುತ್ತಾಳಂತೆ. ಇಂಥವಳ ಬಗ್ಗೆ ಇಷ್ಟು ದಿನ ಆಫೀಸಿನಲ್ಲಿ ಏನೇನೋ ಹಾಸ್ಯ ಮಾಡಿದೆನಲ್ಲ ಎಂದು ಪಶ್ಚಾತ್ತಾಪವಾಯಿತು. ಭಾಮೈದನನ್ನು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ.

ಸೋಮವಾರ ಬೆಳಗ್ಗೆ ಆಫೀಸಿಗೆ ತಡವಾಗಿ ಬರುತ್ತೇನೆಂದು ತಿಳಿಸಿದೆ. ಗಡ್ಡ ಕೆರೆದು, ತಲೆ ಬಾಚಿ, ಯಾರಾದರೂ ನನ್ನನ್ನು ನೇರವಾಗಿ ನೋಡಬೇಕೆಂದು ಬಯಸಿದರೆ ಇರಲಿ ಎಂದು ಒಳ್ಳೆಯ ಅಂಗಿ ಹಾಕಿಕೊಂಡು ಮುಂದಿನ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತೆ. ಪಾಠ ಶುರುವಾಯಿತು. ಕಂಪ್ಯೂಟರಿನ ಅಂಚಿನಲ್ಲಿ ಹೊಸ ವಿದ್ಯಾರ್ಥಿನಿಯರ ಸಣ್ಣ ಸಣ್ಣ ಮುಖಗಳು. ನಡುವೆ ನನ್ನ ವಿಡಿಯೋ ತೆರೆದುಕೊಂಡಿತು.

ಕೋಟು ಮಾತ್ರ ಕಾಣಿಸಿತು. ಸಮಾರಂಭಕ್ಕೆಂದು ಅವಳೇ ಎಷ್ಟೋ ರಾತ್ರಿ ಕೂತು ಕೈಯಲ್ಲಿ ಹೊಲಿದುಕೊಟ್ಟಿದ್ದ ಕೋಟು. ಕುತ್ತಿಗೆಯಿಂದ ಮೇಲಕ್ಕೆ ಕತ್ತರಿಸಿದ್ದಳು. ಸೊಂಟದಿಂದ ಕೆಳಕ್ಕೂ ಇರಲಿಲ್ಲ. ಭಾಷಣದ ಧ್ವನಿಯನ್ನು ಪೂರ್ತಿ ಇಳಿಸಿದ್ದಳು. ಗುಂಡಿ ತೂರಿಸುವ ಕಾಜಾ ಪರದೆಯ ತುಂಬ ಹಿಗ್ಗಿ ನಿಂತಿತ್ತು. ಅದರ ಸುತ್ತಲಿನ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು. ಈ ಎಳೆಗಳು ಕಾಣದೆ ಹೋದರೆ ಕಾಜಾ ಕಲಿಸುವುದು ಹೇಗೆ, ಕುಗ್ಗಿಸಿದ ವಿಡಿಯೋದಲ್ಲಿ ಗೋಂದು ಹಚ್ಚಿ ಮೆತ್ತಿದ ಹಾಗೆ ಕಾಣುತ್ತಿತ್ತು, ಅದೃಷ್ಟಕ್ಕೆ ಅಸಲು ಸಿಕ್ಕಿತು ಎಂದು ಅವಳು ವಿವರಿಸುತ್ತಿದ್ದಳು. ತಂತ್ರಾಂಶ ನನ್ನ ಸುಕ್ಕನ್ನಷ್ಟೇ ತೆಗೆದಿತ್ತು. ಇವಳು ತಲೆಯನ್ನೇ ತೆಗೆದಿದ್ದಳು.

ಭಾಷಣದ ಆವೇಶದಲ್ಲಿ ನಾನು ಕೈ ಬೀಸಿದಾಗಲೆಲ್ಲ ಕಾಜಾ ಪರದೆಯಿಂದ ಆಚೆ ಹೋಗಿ ಬರುತ್ತಿತ್ತು. ಯಾರೋ ಒಬ್ಬಾಕೆ ಕೈಯೆತ್ತಿ, ಕೋಟನ್ನು ಗೊಂಬೆಗೆ ತೊಡಿಸಿ ತೋರಿಸಿದ್ದೀರಲ್ಲ ಟೀಚರ್, ಆ ಗೊಂಬೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು.

“ಕೊಂಡಿದ್ದಲ್ಲಮ್ಮ, ಮನೇಲಿದ್ದದ್ದು,” ಎಂದಳು ನನ್ನ ಹೆಂಡತಿ. “ಸ್ವಲ್ಪ ಅಲ್ಲಾಡುತ್ತೆ. ಸುಧಾರಿಸಿಕೊಳ್ಳಿ.”